ಹಳೆಯ ಸಂಚಾರ ಸಿಗ್ನಲ್‌ಗಳ ಜೀರ್ಣೋದ್ಧಾರ

ರಸ್ತೆಯಿಂದ ಇಳಿಸಿದ, ಬಳಕೆ ತಪ್ಪಿದ ಸಂಚಾರ ದೀಪಗಳನ್ನು ತಂದು, ಬಿಚ್ಚಿ, ತೊಳೆದು, ಕೆಟ್ಟದ್ದನ್ನು ಸರಿಮಾಡಿ ಮತ್ತೆ ಉರಿಯುವಂತೆ ಮಾಡುವ ಹವ್ಯಾಸ. ಇದು ಹೆಚ್ಚು ಬೇರೂರಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ; ಬ್ರಿಟನ್, ಆಸ್ಟ್ರೇಲಿಯ, ಜರ್ಮನಿಗಳಲ್ಲೂ ಆಸಕ್ತರಿದ್ದಾರೆ. ಹಳೆಯ ಗಡಿಯಾರ, ರೇಡಿಯೊ, ಮೋಟಾರು ಬೈಕುಗಳನ್ನು ರಿಪೇರಿ ಮಾಡುವ ಹವ್ಯಾಸಗಳ ಸಾಲಿಗೇ ಇದೂ ಸೇರುತ್ತದೆ. ಆದರೆ ಅವೆಲ್ಲ ಯಾರೋ ಒಬ್ಬರು ಕೈಯಲ್ಲಿ ಹಿಡಿದು ಬಳಸಿದ ವಸ್ತುಗಳು. ಸಿಗ್ನಲ್ಲು ಹಾಗಲ್ಲ. ಊರಿಗೆ ಊರೇ ದಿನಕ್ಕೆ ನಾಲ್ಕು ಸಲ ಅದರ ಮುಖ ನೋಡುತ್ತದೆ, ಹತ್ತಿರದಿಂದ ಕಂಡವರು ಮಾತ್ರ ಏಣಿ ಹತ್ತುವ ಕೆಲಸಗಾರರು. ನೆಲಕ್ಕಿಳಿದ ಸಿಗ್ನಲ್ಲನ್ನು ಮೊದಲ ಸಲ ನೋಡಿದವರು ಅದರ ಗಾತ್ರಕ್ಕೇ ಬೆರಗಾಗುತ್ತಾರೆ. ಮೂರು ದೀಪಗಳ ಸಾಧಾರಣ ಪೆಟ್ಟಿಗೆಯೂ ಎರಡಡಿಗಿಂತ ಎತ್ತರವಿರುತ್ತದೆ. ನಾಲ್ಕು ದಿಕ್ಕಿಗೂ ಮುಖವಿರುವುದನ್ನು ಒಬ್ಬರೇ ಎತ್ತಲಾಗದು.

ಹಿನ್ನೆಲೆ

ಮೊದಲ ಸಂಚಾರ ಸಿಗ್ನಲ್ ನಿಂತದ್ದು 1868ರ ಡಿಸೆಂಬರಿನಲ್ಲಿ, ಲಂಡನ್ನಿನ ಪಾರ್ಲಿಮೆಂಟ್ ಚೌಕದ ಬಳಿ. ರೈಲ್ವೆ ಎಂಜಿನಿಯರ್ ಜೆ. ಪಿ. ನೈಟ್ ಅದನ್ನು ರೈಲಿನ ಕೈಮರದ ಮಾದರಿಯಲ್ಲೇ ಮಾಡಿದ್ದ. ಹಗಲಿಗೆ ಏಳುವ ಇಳಿಯುವ ತೋಳುಗಳು, ರಾತ್ರಿಗೆ ಕೆಂಪು ಹಸಿರಿನ ಅನಿಲದೀಪ. ಮರು ತಿಂಗಳೇ ಅನಿಲ ಸೋರಿ ಸ್ಫೋಟವಾಗಿ, ದೀಪ ನೋಡಿಕೊಳ್ಳುತ್ತಿದ್ದ ಪೊಲೀಸಿನವನು ಗಾಯಗೊಂಡ. ನಾವು ಇಂದಿಗೂ ‘ಸಿಗ್ನಲ್ ಬಿತ್ತು’ ಎನ್ನುತ್ತೇವೆ. ಹಳೆಯ ಕೈಮರಗಳಲ್ಲಿ ತೋಳು ನಿಜವಾಗಿಯೇ ಕೆಳಗೆ ಬೀಳುತ್ತಿತ್ತು.

ವಿದ್ಯುತ್ ಸಿಗ್ನಲ್ಲು ಬೆಳೆದದ್ದು ಅಮೆರಿಕದಲ್ಲಿ. 1914ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ನಗರದ ಯೂಕ್ಲಿಡ್ ಅವೆನ್ಯೂದಲ್ಲಿ ಕೆಂಪು ಹಸಿರಿನ ದೀಪಗಳು ಬಂದವು. 1920ರಲ್ಲಿ ಡೆಟ್ರಾಯಿಟ್ಟಿನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ರೈಲ್ವೆಯಲ್ಲಿದ್ದ ಹಳದಿಯನ್ನು ನಡುವೆ ತಂದು, ನಾಲ್ಕೂ ದಿಕ್ಕಿಗೆ ಕಾಣುವ ಮೂರು ಬಣ್ಣದ ದೀಪ ಕಟ್ಟಿದ. ಅಲ್ಲಿಂದಾಚೆ ತಯಾರಕರ ಕಾಲ. ಸಿರಕ್ಯೂಸಿನ ಕ್ರೌಸ್-ಹೈಂಡ್ಸ್, ಇಲಿನಾಯ್ ರಾಜ್ಯದ ಮೋಲೀನಿನ ಈಗಲ್ ಸಿಗ್ನಲ್, ಬ್ರೂಕ್ಲಿನ್ನಿನ ಮಾರ್ಬಲೈಟ್, ಲಾಸ್ ಏಂಜಲಿಸ್‌ನ ಇಕನೊಲೈಟ್ ಮುಂತಾದ ಹೆಸರುಗಳನ್ನು ಸಂಗ್ರಾಹಕರು ಮನೆತನದ ಹೆಸರುಗಳಂತೆ ಉಚ್ಚರಿಸುತ್ತಾರೆ. ಅಂಚಿನ ಗೆರೆ, ಬಾಗಿಲ ಕೀಲು, ತಲೆಯ ಉಬ್ಬು ಇಷ್ಟು ಕಂಡರೆ ಸಾಕು, ಯಾರ ಎರಕ, ಯಾವ ದಶಕದ್ದು ಎಂದು ಹೇಳಬಲ್ಲ ಅನುಭವಿಗಳಿದ್ದಾರೆ.

ಆರಂಭದ ದಶಕಗಳಲ್ಲಿ ಒಂದೊಂದು ಊರಿನ ಸಿಗ್ನಲ್ಲಿಗೆ ಒಂದೊಂದು ಮುಖವಿತ್ತು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ 1931ರಲ್ಲಿ ನಿಂತ ಕಂಚಿನ ಕಂಬಗಳ ನೆತ್ತಿಯಲ್ಲಿ ರೋಮನ್ನರ ದೇವತೆ ಮರ್ಕ್ಯುರಿಯ ಪುಟ್ಟ ಮೂರ್ತಿಯಿತ್ತು. ಲಾಸ್ ಏಂಜಲಿಸ್‌ನಲ್ಲಿ ದೀಪದ ಜೊತೆಗೆ ‘ನಿಲ್ಲು’, ‘ಹೊರಡು’ ಎಂದು ಬರೆದ ತೋಳುಗಳು ಗಂಟೆ ಬಾರಿಸುತ್ತ ಹೊರಚಾಚುತ್ತಿದ್ದವು. ಆಸ್ಟ್ರೇಲಿಯದ ಚಾರ್ಲ್ಸ್ ಮಾರ್ಷಲ್ 1936ರಲ್ಲಿ ಪೇಟೆಂಟ್ ಪಡೆದ ಮಾರ್ಷಲೈಟ್ ಗಡಿಯಾರದಂತಿತ್ತು. ಬಣ್ಣದ ಬಿಲ್ಲೆಯ ಮೇಲೆ ಮುಳ್ಳು ತಿರುಗುತ್ತ ಇನ್ನೆಷ್ಟು ಹೊತ್ತು ಕಾಯಬೇಕೆಂಬುದನ್ನೂ ತೋರಿಸುತ್ತಿತ್ತು. ಕ್ರೌಸ್-ಹೈಂಡ್ಸ್ ಕಾರ್ಖಾನೆಯಿದ್ದ ಸಿರಕ್ಯೂಸ್ ಊರಿನಲ್ಲೇ, ಟಿಪರರಿ ಹಿಲ್ ಎಂಬ ಐರಿಷ್ ವಲಸಿಗರ ಕೇರಿಯಲ್ಲಿ, 1920ರ ದಶಕದಲ್ಲಿ ಹುಡುಗರು ಕೆಂಪು ಗಾಜಿಗೆ ಕಲ್ಲು ಹೊಡೆದು ಹೊಡೆದು ಒಡೆದರು. ಬ್ರಿಟಿಷರ ಕೆಂಪು ಐರಿಷರ ಹಸಿರಿನ ಮೇಲೆ ಕೂರುವುದು ಅವರಿಗೆ ಸಹಿಸದಾಯಿತು. ನಗರಾಡಳಿತ ಸೋತಿತು. ಅಲ್ಲಿ ಇಂದಿಗೂ ಹಸಿರು ಮೇಲೆ, ಕೆಂಪು ಕೆಳಗೆ.

ಅಮೆರಿಕದ ರಸ್ತೆ ಸಂಜ್ಞೆಗಳಿಗೆ ರಾಷ್ಟ್ರಮಟ್ಟದ ಮೊದಲ ಏಕರೂಪ ಕೈಪಿಡಿ ಬಂದದ್ದು 1935ರಲ್ಲಿ. ನಂತರ ಇಂಥ ವೈವಿಧ್ಯ ಕ್ರಮೇಣ ಕರಗಿತು. 1970ರ ದಶಕದಿಂದ ಎರಕದ ಲೋಹದ ಜಾಗಕ್ಕೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಂತು. ಗಾಜು ಮತ್ತು ಬಲ್ಬಿಗೆ ಕೊನೆಯ ಪೆಟ್ಟು ಕೊಟ್ಟದ್ದು ಎಲ್‌ಇಡಿ. 2006ರ ಜನವರಿಯಿಂದ ತಯಾರಾಗುವ ಸಿಗ್ನಲ್ ದೀಪಗಳು ವಿದ್ಯುತ್ ಮಿತವ್ಯಯದ ಕಟ್ಟುನಿಟ್ಟಿನ ಮಟ್ಟ ಮುಟ್ಟಬೇಕೆಂದು 2005ರ ಅಮೆರಿಕದ ಇಂಧನ ಕಾಯ್ದೆ ಗೊತ್ತುಮಾಡಿತು. ತಂತು ಉರಿಸುವ ಬಲ್ಬಿಗೆ ಅದು ಸಾಧ್ಯವಿರಲಿಲ್ಲ. ಹಳೆಯ ಸಿಗ್ನಲ್‌ಗಳು ಗುಜರಿಗೂ ನಗರಸಭೆಗಳ ಹರಾಜಿಗೂ ರಾಶಿರಾಶಿಯಾಗಿ ಬಂದವು. ಹವ್ಯಾಸಿಗಳ ಕೈಗೆ ಇಷ್ಟೊಂದು ಸಿಗ್ನಲ್‌ಗಳು ಸಿಕ್ಕಿದ್ದರ ಹಿಂದೆ ಈ ಬದಲಾವಣೆಯಿದೆ.

ರಚನೆ

ಸಾಮಾನ್ಯವಾಗಿ ಜೀರ್ಣೋದ್ಧಾರಕ್ಕೆ ಸಿಗುವುದು 8 ಅಂಗುಲದ, ಎಂದರೆ ಸುಮಾರು 20 ಸೆಂಟಿಮೀಟರ್ ವ್ಯಾಸದ ಗಾಜಿನ, ಎರಕದ ಅಲ್ಯೂಮಿನಿಯಂ ಪೆಟ್ಟಿಗೆಯ ಸಿಗ್ನಲ್. ಒಂದೊಂದು ಬಣ್ಣಕ್ಕೂ ಒಂದೊಂದು ಕೋಣೆ, ಕೀಲಿನ ಮೇಲೆ ತೆರೆಯುವ ಬಾಗಿಲು, ಬಾಗಿಲಿಗೆ ಕೂರಿಸಿದ ಗಾಜು, ಬಿಸಿಲು ತಡೆಯುವ ಮುಂಚಾಚು. ಕೋಣೆಯೊಳಗೆ ಪರವಲಯದ ಆಕಾರದ ಪ್ರತಿಫಲಕ, ಅದರ ನಡುವೆ ಹೋಲ್ಡರು, ಬಲ್ಬು. ಮಳೆನೀರು ಹೋಗದಂತೆ ಗ್ಯಾಸ್ಕೆಟ್ಟು. ಇಷ್ಟೇ. ಹೊಸಬರೂ ಧೈರ್ಯವಾಗಿ ಕೈಹಾಕಬಹುದಾದ ಸರಳ ಯಂತ್ರವಿದು. ಮುಖ್ಯ ರಸ್ತೆಗಳಿಗೆ ಬಂದ 12 ಅಂಗುಲದ ದೀಪಗಳು ಇದೇ ರಚನೆಯ ದೊಡ್ಡ ರೂಪ.

ಬಿಚ್ಚುವುದು ಮಾತ್ರ ಸುಲಭವಲ್ಲ. ಅಲ್ಯೂಮಿನಿಯಂ ಎರಕದೊಳಗೆ ಉಕ್ಕಿನ ತಿರುಪು ನಾಲ್ಕೈದು ದಶಕ ಮಳೆಯಲ್ಲಿ ನೆಂದಿರುತ್ತದೆ. ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಬಿಳಿ ಪುಡಿ ಕಟ್ಟಿ, ತಿರುಪು ಎರಕದ ಜೊತೆ ಒಂದಾಗಿಬಿಟ್ಟಿರುತ್ತದೆ. ಆತುರಪಟ್ಟು ಸ್ಕ್ರೂಡ್ರೈವರಿಗೆ ಬಲ ಹಾಕಿದರೆ ತಿರುಪಿನ ತಲೆ ಕಿತ್ತು ಬರುತ್ತದೆ, ಇಲ್ಲವೆ ಎರಕದ ಕಿವಿಯೇ ಮುರಿಯುತ್ತದೆ. ತುಕ್ಕುಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಬಿಸಿಗಾಳಿ ಕೊಟ್ಟರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಹಿಡಿತ ಸಡಿಲುತ್ತದೆ. ಬಿಚ್ಚುವ ಮುನ್ನ ಪ್ರತಿ ಹಂತದಲ್ಲೂ ಫೋಟೋ ತೆಗೆಯಬೇಕು, ಕೆಂಪಿನ ಬಾಗಿಲಿನ ತಿರುಪುಗಳನ್ನು ಹಸಿರಿನದರ ಜೊತೆ ಬೆರೆಸಬಾರದು. ಬಾಗಿಲುಗಳು ಒಂದೇ ಅಚ್ಚಿನವಾದರೂ ವರ್ಷಗಟ್ಟಲೆ ತಮ್ಮ ತಮ್ಮ ಚೌಕಟ್ಟಿಗೆ ಹೊಂದಿಕೊಂಡು ಕುಳಿತಿರುತ್ತವೆ. ಅದಲುಬದಲಾದರೆ ಸರಿಯಾಗಿ ಮುಚ್ಚುವುದಿಲ್ಲ.

ಗಾಜು

ಸಿಗ್ನಲ್ಲಿನ ಜೀವ ಗಾಜಿನಲ್ಲಿದೆ. ಪೆಟ್ಟಿಗೆ ಮುರಿದರೆ ಬೆಸುಗೆ ಹಾಕಬಹುದು, ತಂತಿ ಹೊಸದು ಎಳೆಯಬಹುದು. ಮೂಲ ಗಾಜು ಒಡೆದರೆ ಇನ್ನೊಂದು ಹಳೆಯ ಸಿಗ್ನಲ್ಲನ್ನೇ ಹುಡುಕಬೇಕು. ಪೆನ್ಸಿಲ್ವೇನಿಯದ ಕಾಪ್, ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಮುಂತಾದ ಕಾರ್ಖಾನೆಗಳ ಗಾಜಿನಲ್ಲಿ ತಯಾರಕರ ಹೆಸರು ಅಂಚಿನಲ್ಲೇ ಉಬ್ಬಕ್ಷರದಲ್ಲಿ ಇರುತ್ತದೆ. ಇನ್ನೂ ಹಳೆಯ ಕೆಲವು ಗಾಜುಗಳಲ್ಲಿ ‘ನಿಲ್ಲು’, ‘ಹೊರಡು’ ಎಂಬರ್ಥದ ಇಂಗ್ಲಿಷ್ ಪದಗಳೂ ಇವೆ. ಅವುಗಳಿಗೆ ಬೇಡಿಕೆ ಹೆಚ್ಚು.

ಒಂದು ಗಾಜನ್ನು ಕೈಗೆತ್ತಿಕೊಂಡು ನೋಡೋಣ. ಹೊರಮೈ ನುಣುಪು, ಧೂಳು ನಿಲ್ಲದಂತೆ. ಒಳಮೈಯ ಮೇಲೆ ಬೆರಳಾಡಿಸಿದರೆ ವಜ್ರದ ಮುಖಗಳಂತೆ, ಕೆಲವದರಲ್ಲಿ ಗೆರೆಗಳಂತೆ, ನೂರಾರು ಚಿಕ್ಕ ಪಟ್ಟಕಗಳು ಸಿಗುತ್ತವೆ. ಅವು ಅಲಂಕಾರಕ್ಕಲ್ಲ. ದೀಪ ಕಂಬದ ಮೇಲಿರುತ್ತದೆ, ನೋಡುವವನು ಕೆಳಗೆ ರಸ್ತೆಯಲ್ಲಿರುತ್ತಾನೆ. ಪ್ರತಿಫಲಕ ನೇರವಾಗಿ ಕಳಿಸಿದ ಬೆಳಕನ್ನು ಈ ಪಟ್ಟಕಗಳು ಕೆಳಕ್ಕೂ ಎಡಬಲಕ್ಕೂ ಬಾಗಿಸುತ್ತವೆ. ಅದಕ್ಕೇ ಅಂಚಿನಲ್ಲಿ ‘ಮೇಲ್ಭಾಗ’ ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ. ತೊಳೆದು ಕೂರಿಸುವಾಗ ಅದನ್ನು ಗಮನಿಸದೆ ತಲೆಕೆಳಗು ಮಾಡಿದರೆ ದೀಪ ಉರಿಯುತ್ತದೆ, ಬೆಳಕು ಆಕಾಶಕ್ಕೆ ಹೋಗುತ್ತದೆ. ಕೆಳಗೆ ಕೂತವರಿಗೆ ಮಂಕಾಗಿ ಕಾಣುತ್ತದೆ.

ಕೆಂಪಿನ ಬಣ್ಣ ಸೆಲೆನಿಯಂನಿಂದ ಬಂದದ್ದು. ಗಾಜು ಕರಗಿಸುವಾಗಲೇ ಬೆರೆತ ಬಣ್ಣವಾದ್ದರಿಂದ ಎಷ್ಟು ತೊಳೆದರೂ ಬಿಡುವುದಿಲ್ಲ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳ ಮಸಿ ತೆಗೆದರೆ ಸಾಕು. ಕುದಿಯುವ ನೀರು ಬೇಡ. ಕಾಣದ ಬಿರುಕಿದ್ದರೆ ಅಲ್ಲೇ ಸೀಳುತ್ತದೆ.

ಹಸಿರು ಗಾಜನ್ನು ಹಗಲಿನಲ್ಲಿ ಕಿಟಕಿಗೆ ಹಿಡಿದವರಿಗೆ ಆಶ್ಚರ್ಯವಾಗುತ್ತದೆ. ಅದು ಹಸಿರಲ್ಲ, ನವಿಲುಗರಿಯ ಕಡೆಗೆ ವಾಲಿದ ನೀಲಿ. ಹಳೆಯ ಬಲ್ಬಿನ ತಂತು ಹಳದಿ ಬೆಳಕು ಸೂಸುತ್ತಿತ್ತು. ಆ ಹಳದಿ ಈ ನೀಲಿಗಾಜನ್ನು ಹಾದಾಗ ಮಾತ್ರ ಸಿಗ್ನಲ್ಲಿನ ಹಸಿರು ಹುಟ್ಟುತ್ತಿತ್ತು. ಬಣ್ಣ ಪೂರ್ತಿಯಾಗಿ ಗಾಜಿನಲ್ಲೂ ಇಲ್ಲ, ಬಲ್ಬಿನಲ್ಲೂ ಇಲ್ಲ, ಎರಡರ ಕೂಡಿಕೆಯಲ್ಲಿದೆ. ಇದು ಗೊತ್ತಿಲ್ಲದೆ ಬಿಳಿಚ ಬೆಳಕಿನ ಎಲ್‌ಇಡಿ ಬಲ್ಬು ಹಾಕಿ, ಹಸಿರು ನೀಲಿಯಾಯಿತು, ಹಳದಿ ನಿಂಬೆಹಣ್ಣಿನಂತಾಯಿತು ಎಂದು ಗಾಜನ್ನೇ ಬದಲಿಸಿದವರಿದ್ದಾರೆ. ಎಲ್‌ಇಡಿಯೇ ಬೇಕೆಂದಿದ್ದರೆ 2700 ಕೆಲ್ವಿನ್ ಆಸುಪಾಸಿನ ಬೆಚ್ಚನೆಯ ಬಿಳುಪಿನದನ್ನು ಹಾಕಬೇಕು.

ಲೋಹ ಮತ್ತು ಬಣ್ಣ

ಹವ್ಯಾಸಿಗಳ ನಡುವೆ ಹೆಚ್ಚು ವಾದ ನಡೆಯುವುದು ಬಣ್ಣದ ವಿಷಯದಲ್ಲಿ. ಪೆಟ್ಟಿಗೆಯನ್ನು ಬರಿಲೋಹಕ್ಕೆ ಸುಲಿದು, ಪೌಡರ್ ಕೋಟಿಂಗ್ ಮಾಡಿಸಿ, ಅಂಗಡಿಯಿಂದ ಈಗ ತಂದಂತೆ ಹೊಳೆಯಿಸುವವರು ಒಂದು ಕಡೆ. ಇದ್ದ ಬಣ್ಣವನ್ನು ಇದ್ದಷ್ಟು ಉಳಿಸುವವರು ಇನ್ನೊಂದು ಕಡೆ. ಬಣ್ಣ ಹಪ್ಪಳವೆದ್ದು ಉದುರುತ್ತಿದ್ದರೆ ಸುಲಿಯಲೇಬೇಕು. ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ತೆಗೆಯುವುದು ತಪ್ಪೆಂದೇ ಈ ಲೇಖಕನ ಅಭಿಪ್ರಾಯ. ಕಾರಣ ಪದರಗಳಲ್ಲಿದೆ. ಪೆಟ್ಟಿಗೆಯ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ನುಣುಪಾದ ಎಮ್ರಿ ಕಾಗದವನ್ನು ನೀರಿನಲ್ಲಿ ಅದ್ದಿ ರೂಪಾಯಿ ಬಿಲ್ಲೆಯಷ್ಟಗಲ ವೃತ್ತಾಕಾರವಾಗಿ ಮೆಲ್ಲಗೆ ಉಜ್ಜಿದರೆ, ಮರದ ಕಾಂಡ ಕೊಯ್ದಾಗ ಕಾಣುವ ಉಂಗುರಗಳಂತೆ ಬಣ್ಣಗಳು ತೆರೆದುಕೊಳ್ಳುತ್ತವೆ. ಮೇಲೆ ಹಳದಿ, ಕೆಳಗೆ ಸ್ವಲ್ಪ ಬೇರೆ ಛಾಯೆಯ ಇನ್ನೊಂದು ಹಳದಿ, ಅದರಡಿ ಕಡುಹಸಿರು, ಕೊನೆಗೆ ಪ್ರೈಮರು. ಅಮೆರಿಕದ ಅನೇಕ ನಗರಗಳು ಆರಂಭದಲ್ಲಿ ಕಡುಹಸಿರು ಬಳಿದು, ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಹಳದಿಗೆ ತಿರುಗಿದವು. ಆ ತೀರ್ಮಾನದ ದಾಖಲೆ ಊರಿನ ಕಚೇರಿಯಲ್ಲಿ ಉಳಿಯದೆ ಹೋಗಿರಬಹುದು, ಪೆಟ್ಟಿಗೆಯ ಮೈಮೇಲೆ ಉಳಿದಿರುತ್ತದೆ. ಪೂರ್ತಿ ಸುಲಿಯುವವರೂ ಈ ಒಂದು ಬಿಲ್ಲೆಯಷ್ಟು ಜಾಗವನ್ನು ಹಾಗೇ ಬಿಟ್ಟರೆ ಒಳ್ಳೆಯದು.

ಈ ಹಂತದಲ್ಲೇ ಅಪಾಯವೂ ಹೆಚ್ಚು. ಹಳೆಯ ಬಣ್ಣಗಳಲ್ಲಿ ಸೀಸವಿದೆ; ಹಳದಿಯಲ್ಲಂತೂ ಸೀಸ ಮತ್ತು ಕ್ರೋಮಿಯಂ ಎರಡೂ ಸೇರಿದ ವರ್ಣದ್ರವ್ಯ ಬಳಸುತ್ತಿದ್ದರು. ಒಣಗಿದ ಬಣ್ಣವನ್ನು ಗ್ರೈಂಡರಿಗೆ ಕೊಟ್ಟರೆ ಆ ಧೂಳು ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಬಟ್ಟೆಗಂಟಿ ಮನೆಯ ಮಕ್ಕಳವರೆಗೂ ಬರುತ್ತದೆ. ಒದ್ದೆಯಾಗಿ ಉಜ್ಜಬೇಕು, ಇಲ್ಲವೆ ಬಣ್ಣ ಮೆತ್ತಗೆ ಮಾಡುವ ರಾಸಾಯನಿಕದಿಂದ ತೆಗೆಯಬೇಕು. ಅದರಲ್ಲೂ ಮೆಥಿಲೀನ್ ಕ್ಲೋರೈಡ್ ಇರುವುದು ಬೇಡ. ಅದರ ಆವಿಯಿಂದ ಸಾವುಗಳಾದ ಕಾರಣ ಅಮೆರಿಕದಲ್ಲಿ 2019ರಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟ ನಿಲ್ಲಿಸಿದರು. ನಮ್ಮ ಕಡೆ ಬಾಗಿಲು ಕಿಟಕಿಯ ಬಣ್ಣ ಕೀಳಲು ಬಳಸುವ ಕಾಸ್ಟಿಕ್ ಸೋಡವನ್ನು ಅಲ್ಯೂಮಿನಿಯಂ ಹತ್ತಿರ ತರಲೇಬಾರದು. ಅದು ಬಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ.

ತಗಡಿನ ಮುಂಚಾಚುಗಳು ಸಾಮಾನ್ಯವಾಗಿ ನೆಗ್ಗಿರುತ್ತವೆ. ದುಂಡಗಿನ ಮರದ ತುಂಡು ಒಳಗಿಟ್ಟು ಮರದ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಟ್ಟರೆ ಆಕಾರ ಮರಳುತ್ತದೆ. ಅವುಗಳ ಒಳಮೈಗೆ ಹೊಳಪಿಲ್ಲದ ಕಪ್ಪೇ ಆಗಬೇಕು; ಹೊಳಪು ಬಣ್ಣ ಹೊಡೆದರೆ ಬಿಸಿಲು ಪ್ರತಿಫಲಿಸಿ ದೀಪ ಉರಿಯದೆಯೂ ಉರಿದಂತೆ ತೋರುತ್ತದೆ.

ವಿದ್ಯುತ್ತು

ಒಳಗಿನ ತಂತಿಯನ್ನು ಉಳಿಸುವ ಪ್ರಶ್ನೆಯಿಲ್ಲ. ರಬ್ಬರು ಒಣಗಿ ಮುಟ್ಟಿದರೆ ಪುಡಿಯಾಗುತ್ತದೆ. ಹಳೆಯ ಕೆಲವು ತಂತಿಗಳ ಮೇಲೆ ಕಲ್ನಾರಿನ ಹೊದಿಕೆಯಿರುತ್ತದೆ. ಅಂಥದ್ದನ್ನು ನೀರು ಚಿಮುಕಿಸಿ, ಮುಖಗವಸು ಹಾಕಿಕೊಂಡು, ಕತ್ತರಿಸದೆ ಇಡಿಯಾಗಿ ತೆಗೆದು ಮುಚ್ಚಿದ ಚೀಲಕ್ಕೆ ಹಾಕಬೇಕು. ಪಿಂಗಾಣಿಯ ಹೋಲ್ಡರು ಚೆನ್ನಾಗಿದ್ದರೆ ಅದನ್ನೇ ಮರಳಿ ಬಳಸಬಹುದು. ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಕೊಡದೆ ಸ್ವಿಚ್ ಒತ್ತಕೂಡದು. ರಸ್ತೆಯಲ್ಲಿ ಹದಿನೈದು ಅಡಿ ಮೇಲಿದ್ದ ಪೆಟ್ಟಿಗೆ ಈಗ ಮಕ್ಕಳ ಕೈಗೆ ಸಿಗುವಂತಿರುತ್ತದೆ.

ಪ್ರತಿಫಲಕಗಳಲ್ಲಿ ಎರಡು ಬಗೆ: ಬೆನ್ನಿಗೆ ಬೆಳ್ಳಿ ಹಚ್ಚಿದ ಗಾಜಿನದು, ಮೈ ಹದಗೊಳಿಸಿದ ಅಲ್ಯೂಮಿನಿಯಂನದು. ಎರಡನ್ನೂ ಪಾಲಿಷ್ ಹಾಕಿ ಉಜ್ಜಬಾರದು. ಅಲ್ಯೂಮಿನಿಯಂ ಪ್ರತಿಫಲಕದ ಹೊಳಪು ಕೂದಲೆಳೆಗಿಂತ ತೆಳುವಾದ ಹೊರಪದರದಿಂದ ಕಾಪಾಡಲ್ಪಟ್ಟಿರುತ್ತದೆ. ಒಮ್ಮೆ ಕೆರೆದರೆ ಮುಗಿಯಿತು.

ಸಿಗ್ನಲ್ ಬಲ್ಬು ಮನೆಯ ಬಲ್ಬಿನಂತೆ ಕಂಡರೂ ಬೇರೆಯದೇ. 8 ಅಂಗುಲದ ದೀಪಕ್ಕೆ ಹಾಕುತ್ತಿದ್ದುದು ಹೆಚ್ಚಾಗಿ 60ರಿಂದ 70 ವ್ಯಾಟಿನದು, 8,000 ಗಂಟೆ ಬಾಳುವಂಥದ್ದು. ಮನೆಯ ಬಲ್ಬಿನ ಆಯಸ್ಸು ಸುಮಾರು 1,000 ಗಂಟೆ. ಆಯಸ್ಸಿಗಾಗಿ ತಂತುವನ್ನು ಕಡಿಮೆ ಶಾಖದಲ್ಲಿ ಉರಿಸುತ್ತಿದ್ದರು. ಆ ಕಾರಣಕ್ಕೇ ಬೆಳಕು ಇನ್ನಷ್ಟು ಹಳದಿ, ಹಸಿರು ಗಾಜು ಅಷ್ಟು ನೀಲಿ. ತಂತು ಪ್ರತಿಫಲಕದ ನಾಭಿಯಲ್ಲೇ ಕೂರುವಂತೆ ಬಲ್ಬಿನ ಕತ್ತಿನ ಉದ್ದವನ್ನೂ ಲೆಕ್ಕ ಹಾಕಿರುತ್ತಿದ್ದರು. ಮನೆಯ ಬಲ್ಬು ಹಾಕಿದಾಗ ಗಾಜಿನ ನಡುವೆ ಮಾತ್ರ ಬೆಳಕು, ಸುತ್ತ ಕತ್ತಲೆ ಕಂಡರೆ ತಪ್ಪು ಗಾಜಿನದ್ದಲ್ಲ, ಈ ಉದ್ದದ್ದು.

ಅಮೆರಿಕದಿಂದ ತಂದ ಸಿಗ್ನಲ್ಲನ್ನು ಭಾರತದಲ್ಲಿ ಉರಿಸುವವರು ಅಲ್ಲಿಯ 120 ವೋಲ್ಟಿನ ಬಲ್ಬನ್ನು ನಮ್ಮ 230 ವೋಲ್ಟಿಗೆ ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹೊಸ ತಂತಿ ಎಳೆದು, ತಿರುಪು ಬುಡದ 230 ವೋಲ್ಟಿನ ಬಲ್ಬು ಹಾಕುವುದು ಸರಳ ದಾರಿ. ಹಳೆಯ ಬಲ್ಬನ್ನೇ ಉರಿಸಬೇಕೆಂದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು.

ನಿಯಂತ್ರಕ

ದೀಪಗಳನ್ನು ಸರದಿಯಂತೆ ಬದಲಿಸಲು ಇಂದು ಬಹುಪಾಲು ಹವ್ಯಾಸಿಗಳು ಚಿಕ್ಕ ಎಲೆಕ್ಟ್ರಾನಿಕ್ ಫಲಕವನ್ನೋ ಆರ್ಡುಯಿನೊ ಮತ್ತು ರಿಲೇಗಳನ್ನೋ ಬಳಸುತ್ತಾರೆ. ಸರದಿ ಮಾತ್ರ ಸಿಗ್ನಲ್ಲಿನ ನಾಡಿಗೆ ತಕ್ಕಂತಿರಬೇಕು: ಬ್ರಿಟನ್ನಿನಲ್ಲಿ ಹಸಿರಿಗೆ ಮೊದಲು ಕೆಂಪು ಹಳದಿ ಒಟ್ಟಿಗೆ ಉರಿಯುತ್ತವೆ, ಅಮೆರಿಕದಲ್ಲಿ ಕೆಂಪಿನಿಂದ ನೇರ ಹಸಿರು.

ರಸ್ತೆಬದಿಯ ಉಕ್ಕಿನ ಬೀರುವಿನಲ್ಲಿದ್ದ ಮೂಲ ನಿಯಂತ್ರಕ ಸಿಕ್ಕವರದು ದೊಡ್ಡ ಅದೃಷ್ಟ. ಅದರಲ್ಲಿ ವಿದ್ಯುತ್ ಸರಬರಾಜಿನ ಆವರ್ತನಕ್ಕೆ ಕಟ್ಟುಬಿದ್ದ ಚಿಕ್ಕ ಮೋಟಾರು ಒಂದು ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಅಂಚಿನ ಕಚ್ಚುಗಳಿಗೆ ಸಿಕ್ಕಿಸಿದ ಕೀಲಿಗಳು ಸರದಿ ಬಂದಾಗ ಸ್ವಿಚ್ಚನ್ನು ತಟ್ಟುತ್ತವೆ. ಆಗ ಸೊಲೆನಾಯ್ಡ್ ಕ್ಯಾಮುಗಳ ದಂಡವನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳುತ್ತದೆ, ‘ಟಕ್’ ಎಂಬ ಗಟ್ಟಿ ಸದ್ದಿನೊಂದಿಗೆ ದೀಪ ಬದಲಾಗುತ್ತದೆ. ಹಸಿರಿನ ಹೊತ್ತು ಹೆಚ್ಚಿಸಬೇಕೆಂದರೆ ಕೀಲಿಯನ್ನು ಕಿತ್ತು ಇನ್ನೊಂದು ಕಚ್ಚಿಗೆ ಸಿಕ್ಕಿಸಿದರಾಯಿತು. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಹಾಗಾಗಿ ಅಲ್ಲಿ 60 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತಿದ್ದ ನಿಯಂತ್ರಕ ಇಲ್ಲಿ, ಟ್ರಾನ್ಸ್‌ಫಾರ್ಮರ್ ಕೊಟ್ಟರೂ, 72 ಸೆಕೆಂಡು ತೆಗೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಬದಲಿಸುತ್ತದೆಯೇ ಹೊರತು ಆವರ್ತನವನ್ನಲ್ಲ. ಹಲ್ಲುಚಕ್ರ ಬದಲಿಸಿ ಸರಿಮಾಡಬಹುದು.

ಒಡೆತನ ಮತ್ತು ದಾಖಲೆ

ಸಿಗ್ನಲ್ಲು ಸಾರ್ವಜನಿಕ ಸ್ವತ್ತು. ಕಂಬದಿಂದ ಬಿಚ್ಚಿಕೊಂಡು ಬಂದದ್ದು ಕಳ್ಳಮಾಲು, ಎಷ್ಟೇ ಹಳೆಯದಾದರೂ ಸರಿ. ಹರಾಜಿನ ಅಥವಾ ಮಾರಾಟದ ರಸೀತಿ ಇಟ್ಟುಕೊಂಡಿರಬೇಕು. ರಸ್ತೆಗೆ ಕಾಣುವಂತೆ ಮನೆಯ ಗೇಟಿನಲ್ಲೋ ಮಹಡಿಯಲ್ಲೋ ಉರಿಸುವುದೂ ಸಲ್ಲದು. ಅಮೆರಿಕದ ಅನೇಕ ರಾಜ್ಯಗಳ ಕಾನೂನು ಅದನ್ನು ನಿಷೇಧಿಸಿದೆ. ಕಾನೂನು ಇಲ್ಲದ ಕಡೆಯೂ ರಾತ್ರಿ ದೂರದಿಂದ ಬರುವ ಚಾಲಕನಿಗೆ ಅದು ಅಲಂಕಾರವೆಂದು ಗೊತ್ತಾಗುವ ಬಗೆಯಿಲ್ಲ.

ಕೆಲವು ಊರುಗಳು ತಮ್ಮ ಸಿಗ್ನಲ್ಲನ್ನು ತಾವೇ ಉಳಿಸಿಕೊಂಡಿವೆ. ಒಹಾಯೊ ರಾಜ್ಯದ ಆಶ್‌ವಿಲ್ ಎಂಬ ಚಿಕ್ಕ ಊರಿನ ಟೆಡ್ಡಿ ಬೂರ್ ರೂಪಿಸಿದ, 1930ರ ದಶಕದ ಸುತ್ತುವ ದೀಪ ಈಗ ಅದೇ ಊರಿನ ಪುಟ್ಟ ವಸ್ತುಸಂಗ್ರಹಾಲಯದಲ್ಲಿದೆ, ಉರಿಯುತ್ತಲೂ ಇದೆ. ಡೆಟ್ರಾಯಿಟ್ಟಿನ ಪಾಟ್ಸ್ ದೀಪ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಸಂಗ್ರಹದಲ್ಲಿದೆ. ಉಳಿದ ಸಾವಿರಾರು ದೀಪಗಳು ಮನೆಗಳ ಗ್ಯಾರೇಜುಗಳಲ್ಲಿವೆ, ಅವುಗಳ ಚರಿತ್ರೆ ಒಡೆಯನ ನೆನಪಿನಲ್ಲಷ್ಟೇ ಇದೆ. ಯಾವ ಊರು, ಯಾವ ಕೂಡುರಸ್ತೆ, ಯಾವ ವರ್ಷ ಇಳಿಸಿದರು, ಯಾವ ಭಾಗ ಮೂಲದ್ದು, ಯಾವುದು ಹೊಸದು ಎಂಬುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೇ ಅಂಟಿಸಿಡುವುದು ಬಣ್ಣ ಬಳಿಯುವಷ್ಟೇ ಮುಖ್ಯ ಕೆಲಸ. ಕೆಲವೊಮ್ಮೆ ಆ ಕೆಲಸವನ್ನು ಬೇರೆಯವರು ಆಗಲೇ ಶುರುಮಾಡಿರುತ್ತಾರೆ: ಕಣಜದ ಗೂಡನ್ನೂ ಸತ್ತ ಹುಳುಗಳನ್ನೂ ಗುಡಿಸಿ ತೆಗೆದ ಮೇಲೆ, ಬಾಗಿಲ ಒಳಮೈಯಲ್ಲಿ ಬಲ್ಬು ಬದಲಿಸಿದ ಕೆಲಸಗಾರ ಪೆನ್ಸಿಲಿನಲ್ಲಿ ಗೀಚಿದ ದಿನಾಂಕ ಕಾಣಬಹುದು. ಅಲ್ಲಿಗೆ ಸೋಪಿನ ನೀರು ತಾಗಿಸದೆ, ಹೊಸ ಬಲ್ಬು ಹಾಕಿದ ದಿನವನ್ನು ಅದರ ಕೆಳಗೆ ಪೆನ್ಸಿಲಿನಲ್ಲೇ ಬರೆಯಬೇಕು.